ಅತ್ತೆಯ ಪ್ರಾರ್ಥನೆ, ನನ್ನ ಬಾಯಿ

ನನ್ನ ಅತ್ತೆ ರಾಗಿ ಬೀಸುತ್ತಾ ಪ್ರಾರ್ಥನೆ ಮಾಡುತ್ತಿದ್ದರು. ಬೀಸುವ ಕಲ್ಲು ಅಡಿಗೆಮನೆಯ ಮೂಲೆಯಲ್ಲಿ, ಹಿತ್ತಿಲ ಕಡೆಯ ಕಿಟಕಿಯ ಕೆಳಗೆ ಇತ್ತು. ಬೆಳಕು ಹರಿಯುವ ಹೊತ್ತಿಗೆ ಅವರು ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ ಕೂತು, ಬಲಗೈಯಲ್ಲಿ ಗೂಟ ತಿರುಗಿಸುತ್ತಾ ಎಡಗೈಯಲ್ಲಿ ಹಿಡಿ ಹಿಡಿ ರಾಗಿ ಬಿಡುತ್ತಾ, ಗೋಡೆಯಾಚೆಯ ನೆರೆಯವರೊಂದಿಗೆ ಮಾತಾಡುವ ಹಾಗೆ ದೇವರೊಂದಿಗೆ ಮಾತಾಡುತ್ತಿದ್ದರು.

"ಅಪ್ಪಾ, ನಿನ್ನೆ ಹೇಳಿದ್ನಲ್ಲ, ಎಮ್ಮೆ ಇವತ್ತೂ ಮೇವು ಮುಟ್ಲಿಲ್ಲ. ತುಂಬಿದ ಗಬ್ಬ. ಸುಸೂತ್ರವಾಗಿ ಈಯಂಗೆ ನೋಡ್ಕಳಪ್ಪ. ಬುಕ್ಕಾಪಟ್ಟಣದ ರೋಡಿನ ಮೇಸ್ತ್ರಿ ಹೆಂಡ್ರಿಗೆ ಎದೆ ಕಾಯ್ಲೆ ಹೆಂಗೈತೋ ಏನೋ, ನೀನೇ ಒಂದ್ಸಲ ಹೋಗ್ಬುಟ್ಟು ಬಾ. ನಂಗೆ ಬಸ್ ಹತ್ತಾಕೆ ಮಂಡಿ ಬಿಡಲ್ಲ."

ದೇವರನ್ನು ಬಸ್ಸು ಹತ್ತಿಸುವ ಈ ಪ್ರಾರ್ಥನೆ ಕೇಳಿ ನನಗೆ ಮೊದಲು ನಗು ಬಂತು. ಆಮೇಲೆ ಒಂದಿಷ್ಟು ತಾತ್ಸಾರವೂ ಬಂತು ಎಂಬುದನ್ನು ಒಪ್ಪಿಕೊಳ್ಳಬೇಕು. ಆಗ ನನಗೆ ಇಪ್ಪತ್ತು ವರ್ಷ. ಮದುವೆಯಾಗಿ ಶಿರಾಕ್ಕೆ ಬಂದು ಎರಡು ತಿಂಗಳಾಗಿತ್ತು. ಐವತ್ತರ ದಶಕದ ಕೊನೆಯ ವರ್ಷಗಳವು.

ನಾನು ಕಾನ್ವೆಂಟಿನಲ್ಲಿ ಬೆಳೆದವಳು. ನಮ್ಮಪ್ಪ ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಸೀಸೆಗಳಿಗೆ ಗುರುತಿನ ಚೀಟಿ ಅಂಟಿಸುತ್ತಾ ಮಗಳಿಗೆ ಜಡೆ ಹಾಕುವುದು ಅಪ್ಪನಿಂದ ಆಗದೆ, ದೂರದ ಊರಿನ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ನಾವು ಆ ಸಿಸ್ಟರುಗಳ ಸಭೆಯವರಲ್ಲ, ನಮ್ಮದು ಬೇರೆ ಮಿಷನ್ನಿನ ಸಭೆ. ಆದರೂ ಅವರು ನನ್ನನ್ನು ಬೇರೆ ಮಾಡಿ ನೋಡಲಿಲ್ಲ. ಗಂಜಿ ಹಾಕಿದ ಬಿಳಿ ಬಟ್ಟೆ, ಕೆಂಪು ಸೋಪಿನ ವಾಸನೆ, ಊಟಕ್ಕೊಂದು ಪಾಠಕ್ಕೊಂದು ಗಂಟೆ. ಪ್ರಾರ್ಥನೆಗೂ ಗಂಟೆ. ಎದ್ದಾಗಿನದು, ಉಣ್ಣುವ ಮೊದಲಿನದು, ಉಂಡ ಮೇಲಿನದು, ಮಲಗುವಾಗಿನದು ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಬಾಯಿಪಾಠ. ತಪ್ಪಿಲ್ಲದೆ ಒಪ್ಪಿಸಿದವರಿಗೆ ಅಂಗೈಯಗಲದ ಚಿತ್ರವೊಂದನ್ನು ಕೊಡುತ್ತಿದ್ದರು. ಅಂಚಿಗೆ ಚಿನ್ನದ ಬಣ್ಣವಿರುತ್ತಿತ್ತು. ಮದುವೆಯಾಗಿ ಬರುವಾಗ ನನ್ನ ಟ್ರಂಕಿನ ತಳದಲ್ಲಿ ಅಂಥ ಚಿತ್ರಗಳ ಒಂದು ಕಟ್ಟೇ ಇತ್ತು. ನನ್ನ ಭಕ್ತಿಯ ಅಳತೆ ಆ ಕಟ್ಟಿನ ದಪ್ಪವೇ ಎಂದು ತಿಳಿದಿದ್ದೆ.

ಶಿರಾದಲ್ಲಿ ನಮ್ಮವು ಏಳೋ ಎಂಟೋ ಮನೆಗಳು. ಹೆಂಚಿನ ಒಂದು ಪ್ರಾರ್ಥನಾಲಯ. ತುಮಕೂರಿನಿಂದ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ರೊಟ್ಟಿಯ ಚೂರು, ದ್ರಾಕ್ಷಿರಸದ ಕರ್ತನ ಭೋಜನ ಕೊಟ್ಟು ಸಂಜೆಗೆ ಹೊರಟುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಸಭೆಯನ್ನು ನಡೆಸುತ್ತಿದ್ದವರು ಉಪದೇಶಿಗಳು. ಹಿಂದೆ ಮಿಷನ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಮುದುಕರು, ಮಳೆಯಿಲ್ಲದಿದ್ದರೂ ಕಂಕುಳಲ್ಲಿ ಛತ್ರಿ. ಬುಧವಾರ ದೀಪ ಹಚ್ಚುವ ಹೊತ್ತಿಗೆ ಯಾರಾದರೊಬ್ಬರ ಮನೆಯಲ್ಲಿ ಕೂಟ. ಹಾಡು, ಸತ್ಯವೇದದ ಓದು, ಆಮೇಲೆ ಪ್ರಾರ್ಥನೆ. ಚಾಪೆಯ ಮೇಲೆ ಸುತ್ತ ಕೂತವರು ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು, ಸ್ವಂತ ಮಾತಿನಲ್ಲಿ ಪ್ರಾರ್ಥಿಸಬೇಕು. ಆಗದವರು "ಆಮೆನ್" ಎಂದರೆ ಸರದಿ ಪಕ್ಕದವರಿಗೆ ದಾಟುತ್ತಿತ್ತು.

ಮೊದಲ ಬುಧವಾರ ಸರದಿ ನನ್ನ ಹತ್ತಿರ ಬಂದಾಗ ನಾನು ಕಾನ್ವೆಂಟಿನ ಸಂಜೆಯ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಒಂದು ಉಸಿರಿಗೆ ಒಪ್ಪಿಸಿದೆ. ಆಸ್ಪತ್ರೆಯ ಸೂಲಗಿತ್ತಿ ನರ್ಸಮ್ಮ, ಪಾವಗಡದ ಕಡೆಯ ತೆಲುಗು ಮಾತಿನವರು, ಕಣ್ಣು ತೆರೆದರು.

"ಅಬ್ಬೋ! ಎಂತ ಬಾಗ ಹೇಳ್ತೀಯಮ್ಮಾ! ಯಾವ ಪದ್ಯ ಅದು?"

"ಪದ್ಯ ಅಲ್ಲ ಕಣೇ, ಪ್ರಾರ್ಥ್ನೆ," ಎಂದರು ಅತ್ತೆ. "ನಮ್ ಸೊಸೆ ದೇವ್ರಿಗೂ ಪರೀಕ್ಷೆ ಬರೀತಾವ್ಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಮುಂದಿನ ಬುಧವಾರದಿಂದ "ಆಮೆನ್" ಎಂದು ದಾಟಿಸತೊಡಗಿದೆ. ವಾರಗಟ್ಟಲೆ ದಾಟಿಸಿದೆ.

ತಮಾಷೆ ಅಲ್ಲಿಗೇ ಮುಗಿದಿದ್ದರೆ ಸರಿಯಿತ್ತು. ನಾನು ಸಭೆಗೆ ಪೂರ್ತಿ ಸೇರಿದವಳಲ್ಲ. ಮಗುವಾಗಿದ್ದಾಗ ದೀಕ್ಷಾಸ್ನಾನವಾಗಿತ್ತು, ಅಷ್ಟೆ. ದೊಡ್ಡವಳಾದ ಮೇಲೆ ಅಯ್ಯನವರ ಮುಂದೆ ನಿಂತು, ನಂಬಿಕೆಯನ್ನು ಸ್ವಂತ ಬಾಯಲ್ಲಿ ಹೇಳಿ ಸೇರಬೇಕಿತ್ತು. ಕಾನ್ವೆಂಟಿನಲ್ಲಿ ಅದಾಗಲಿಲ್ಲ. ಹಾಗಾಗಿ ಕರ್ತನ ಭೋಜನದ ಭಾನುವಾರ ಗಂಡ, ಅತ್ತೆ, ನರ್ಸಮ್ಮ ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರುವಾಗ ನಾನು ಚಾಪೆಯ ಮೇಲೆ, ಬಿಟ್ಟುಹೋದ ಚಪ್ಪಲಿ ಕಾಯುವವಳ ಹಾಗೆ ಕೂತಿರುತ್ತಿದ್ದೆ. ಮನೆಯವರೆಲ್ಲ ಉಣ್ಣುವಾಗ ಹೊಸಿಲಾಚೆ ಕೂತ ಹಾಗೆ. ನನ್ನನ್ನು ಸೇರಿಸಿಕೊಳ್ಳಿರೆಂದು ಉಪದೇಶಿಗಳನ್ನು ಕೇಳಿದೆ. ಅವರದು ಒಂದೇ ಪಟ್ಟು.

"ತಂಗೀ, ಕೂಟದಲ್ಲಿ ಒಂದು ಸಲ ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡು. ಆ ದಿವಸವೇ ಅಯ್ಯನವರಿಗೆ ಕಾಗದ ಹಾಕ್ತೀನಿ. ಬಾಯಿಪಾಠ ಕೆಟ್ಟದ್ದಲ್ಲಮ್ಮ. ಮಗು ಪದ್ಯ ಒಪ್ಪಿಸಿದ್ರೆ ಅಪ್ಪ ಸಂತೋಷ ಪಡ್ತಾನೆ. ಆದ್ರೆ ಹಸಿವಾಯ್ತಪ್ಪಾ ಅಂತ ಯಾವಾಗ ಹೇಳೋದು?"

ಮನೆಗೆ ಬಂದು ಬಾಗಿಲ ಹಿಂದೆ ನಿಂತು ಪ್ರಯತ್ನಪಟ್ಟೆ. "ಕರ್ತನೇ" ಎಂದೆ. ಮುಂದಕ್ಕೆ ಏನೂ ಇರಲಿಲ್ಲ. ಬಾಗಿಲ ಹಲಗೆಯಲ್ಲಿ ಎರಡು ಗಂಟು ಇದ್ದವು, ಕಣ್ಣುಗಳ ಹಾಗೆ. ಅವನ್ನು ನೋಡುತ್ತಾ ನಿಂತೆ. ಇಷ್ಟು ವರ್ಷ ದೇವರ ಜೊತೆ ಮಾತಾಡಿದ್ದೇನೆಂದು ತಿಳಿದಿದ್ದೆನಲ್ಲ, ಒಂದು ಸಲವಾದರೂ ಮಾತಾಡಿದ್ದೇನೆಯೇ? ಇಲ್ಲವೇ, ಬೇರೆಯವರು ಬರೆದದ್ದನ್ನು ಓದಿ ಹೇಳಿದ್ದೇನೆಯೇ? ಈ ಅನುಮಾನ ಒಮ್ಮೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ. ಭೋಜನಕ್ಕೆ ಸೇರುವುದು ಹಾಗಿರಲಿ, ನನಗೆ ನಂಬಿಕೆ ಎಂಬುದೇ ಇದೆಯೋ ಇಲ್ಲವೋ ಎಂಬ ಭಯ ಹತ್ತಿತು.

ಆಗ ನಾನು ಮಾಡಿದ ಕೆಲಸ ಕಾನ್ವೆಂಟಿನ ಹುಡುಗಿಯೊಬ್ಬಳು ಮಾತ್ರ ಮಾಡಬಲ್ಲಂಥದು. ಸ್ವಂತ ಪ್ರಾರ್ಥನೆಯನ್ನು ಬಾಯಿಪಾಠ ಮಾಡಲು ಹೊರಟೆ.

ನನ್ನ ಗಂಡ ಪೋಸ್ಟಾಫೀಸಿನಲ್ಲಿ ಗುಮಾಸ್ತರು. ಹಳತಾಗಿ ರದ್ದಾದ ತಂತಿ ಫಾರಂಗಳನ್ನು, ಅಂದರೆ ಟೆಲಿಗ್ರಾಂ ಬರೆಯುವ ಕಾಗದಗಳನ್ನು, ಮನೆಗೆ ತರುತ್ತಿದ್ದರು, ಹಿಂಬದಿಯಲ್ಲಿ ದೋಬಿಯ ಪಟ್ಟಿ ಬರೆಯಲು. ಅಂಥ ನಾಲ್ಕು ಫಾರಂ ಹಿಡಿದು ಬೆಳಿಗ್ಗೆ ಹಿತ್ತಿಲು ಗುಡಿಸುವ ನೆಪದಲ್ಲಿ ಕಿಟಕಿಯ ಹೊರಗೆ ನಿಂತೆ. ಒಳಗೆ ಅತ್ತೆ ಬೀಸುತ್ತಿದ್ದರು. ಅವರು ಹೇಳಿದ್ದನ್ನು ಬರೆದುಕೊಂಡೆ. ನಾಲ್ಕೈದು ಬೆಳಿಗ್ಗೆ ಬರೆದು, ಆಮೇಲೆ ಅದನ್ನೆಲ್ಲ ತಿದ್ದಿದೆ. "ನೋಡ್ಕಳಪ್ಪ" ಎಂಬುದು "ಕಟಾಕ್ಷಿಸು" ಆಯಿತು. "ಸುಸೂತ್ರವಾಗಿ ಈಯಂಗೆ" ಎಂಬುದು "ನಮ್ಮ ಎಮ್ಮೆಗೆ ಸುಖಪ್ರಸವವನ್ನು ದಯಪಾಲಿಸು" ಆಯಿತು. ಮೇಸ್ತ್ರಿಯ ಹೆಂಡತಿಯದು "ಎದೆಯ ವ್ಯಾಧಿಯಿಂದ ನರಳುತ್ತಿರುವ ನಮ್ಮ ಸಹೋದರಿಯನ್ನು ಎಬ್ಬಿಸು" ಎಂದಾಯಿತು. ಓದಿ ನೋಡಿದರೆ ಬಹಳ ಚೆನ್ನಾಗಿತ್ತು. ಹಾಲು ಉಕ್ಕುವುದನ್ನು ಕಾಯುವಾಗ, ಕೋಳಿಗೆ ನುಚ್ಚು ಹಾಕುವಾಗ, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ ಹೇಳಿಕೊಂಡೆ.

ಗಂಡ ಒಂದು ದಿನ ಫಾರಂ ನೋಡಿಬಿಟ್ಟರು. "ಏನಿದು, ದೇವರಿಗೆ ತಂತಿ ಕಳಿಸ್ತಿದೀಯಾ? ಉದ್ದ ಆಯ್ತು, ಪದ ಕಡಿಮೆ ಮಾಡು," ಎಂದರು. ಯಾರಿಗೂ ಹೇಳಲಿಲ್ಲ, ಅದು ಅವರ ಒಳ್ಳೆಯ ಗುಣ.

ನಾನು ಬಾಯಿಪಾಠ ಮಾಡುತ್ತಿದ್ದ ಆ ದಿನಗಳಲ್ಲಿ ಎರಡು ಸಂಗತಿ ನಡೆದವು. ನಮ್ಮ ಎಮ್ಮೆ ಈದು ಕಪ್ಪನೆಯ ಕರು ಹಾಕಿತು. ಮೇಸ್ತ್ರಿಯ ಹೆಂಡತಿ ತೀರಿಕೊಂಡರು.

ಮೇಸ್ತ್ರಿ ಎಂದರೆ ರಸ್ತೆ ಕೆಲಸದ ಗ್ಯಾಂಗಿನ ಮೇಸ್ತ್ರಿ. ಬುಕ್ಕಾಪಟ್ಟಣದ ದಾರಿಯಲ್ಲಿ, ರಸ್ತೆಯ ಪಕ್ಕದ ಒಂಟಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು, ಮಕ್ಕಳಿಲ್ಲ. ಬುಧವಾರ ಕೆಲಸ ಬಿಟ್ಟು ಸೈಕಲ್ಲಿನಲ್ಲಿ ಕೂಟಕ್ಕೆ ಬರುತ್ತಿದ್ದರು. ಅಂಗೈಯಲ್ಲಿ ಟಾರಿನ ಕಲೆ, ಮಾತು ಕಡಿಮೆ, ಅವರೂ ನನ್ನ ಹಾಗೆ "ಆಮೆನ್" ಎಂದು ದಾಟಿಸುವವರು. ಹೆಂಡತಿ ನಾಲ್ಕು ವರ್ಷದಿಂದ ಎದೆಯ ಕಾಯಿಲೆಯಲ್ಲಿದ್ದರು. ಸಾವಿನ ಸುದ್ದಿ ಬಂದ ದಿನ ಅತ್ತೆ ಮಂಡಿನೋವನ್ನೂ ಲೆಕ್ಕಿಸದೆ ಬಸ್ಸು ಹತ್ತಿದರು. ನಾನು ಮನೆಯಲ್ಲಿದ್ದು ಅನ್ನ ಸಾರು ಮಾಡಿ ಗಂಡನ ಕೈಯಲ್ಲಿ ಕಳಿಸಿದೆ. ಸಾರಿಗೆ ಒಗ್ಗರಣೆ ಹಾಕುವಾಗ ನನಗೆ ಕಣ್ಣೀರೂ ಬಂತು. ಇದನ್ನು ಯಾಕೆ ಹೇಳುತ್ತೇನೆಂದರೆ, ಅವರು ಸತ್ತದ್ದು ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಚೆನ್ನಾಗಿ ಗೊತ್ತಿತ್ತು.

ಅದಾಗಿ ಎರಡು ವಾರಕ್ಕೆ ಕೂಟ ನಮ್ಮ ಮನೆಯಲ್ಲಿ. ಅಯ್ಯನವರು ಬರುವ ಭಾನುವಾರಕ್ಕೆ ನಾಲ್ಕೇ ದಿನ ಉಳಿದಿತ್ತು. ಲಾಂದ್ರದ ಗಾಜನ್ನು ಎರಡು ಸಲ ಒರೆಸಿಟ್ಟಿದ್ದೆ. ಹೆಂಡತಿ ಹೋದ ಮೇಲೆ ಮೊದಲ ಸಲ ಮೇಸ್ತ್ರಿ ಬಂದರು, ಗೋಡೆಗೆ ಒರಗದೆ ನೆಟ್ಟಗೆ ಕೂತರು. ಅಂಗಿಯ ಗುಂಡಿಯೊಂದು ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು, ಅವರೇ ಹೊಲಿದುಕೊಂಡದ್ದು ಎಂದು ನೋಡಿದರೆ ತಿಳಿಯುತ್ತಿತ್ತು.

ಸರದಿ ನನ್ನ ಹತ್ತಿರ ಬಂತು. "ಆಮೆನ್" ಅನ್ನುತ್ತಾಳೆಂದು ಪಕ್ಕದಲ್ಲಿದ್ದ ಅತ್ತೆ ಗಂಟಲು ಸರಿಮಾಡಿಕೊಂಡಿದ್ದರು. ನಾನು ಶುರುಮಾಡಿದೆ. ದನಿ ನಡುಗಲಿಲ್ಲ. ಉಪದೇಶಿಗಳು ಮೆಲ್ಲಗೆ "ಸ್ತೋತ್ರ" ಎಂದದ್ದು ಕೇಳಿಸಿತು, ಖುಷಿಯಾಯಿತು. ಬಾಯಿಪಾಠದ ಸುಖವೇ ಅದು, ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ, ತುಳಿಯುವುದೇ ಬೇಡ.

"ನಮ್ಮ ಎಮ್ಮೆಗೆ ಸುಖಪ್ರಸವವನ್ನು ದಯಪಾಲಿಸು," ಎಂದೆ.

ಹಿತ್ತಿಲಲ್ಲಿ ಕರು "ಅಂಬಾ" ಎಂದಿತು. ಯಾರೋ ಮೂಗಿನಲ್ಲಿ ನಕ್ಕರು. ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಆದರೆ ಬಾಯಿ ನನ್ನ ಕೈಯಲ್ಲಿರಲಿಲ್ಲ. ನಿಂತರೆ ಮುಂದಿನದೆಲ್ಲ ಮರೆತುಹೋಗುತ್ತದೆಂಬ ಹೆದರಿಕೆಯಲ್ಲಿ ಇನ್ನೂ ಬೇಗ ಹೇಳಿದೆ.

"ಎದೆಯ ವ್ಯಾಧಿಯಿಂದ ನರಳುತ್ತಿರುವ ನಮ್ಮ ಸಹೋದರಿಯನ್ನು ಎಬ್ಬಿಸು. ಆಕೆಯ ಯಜಮಾನರ ದುಃಖವನ್ನು ಸಂತೋಷವಾಗಿ ಮಾರ್ಪಡಿಸು."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನ್ನ ಕಿವಿಗೆ ಬಿತ್ತು. ಕಣ್ಣು ತೆರೆಯಲಾಗಲಿಲ್ಲ. ಲಾಂದ್ರದ ಬತ್ತಿ ಚಿಟಪಟ ಅನ್ನುವುದು ಕೇಳಿಸುತ್ತಿತ್ತು. ಪ್ರಾರ್ಥನೆ ಮುಗಿದಿಲ್ಲ, ಮುಗಿಸಲು ಪದವಿಲ್ಲ. ಆಗ ಆ ಕಡೆಯ ಮೂಲೆಯಿಂದ ಮೇಸ್ತ್ರಿಯ ದನಿ ಬಂತು. ಗಟ್ಟಿಯಾಗಿ, "ಆಮೆನ್."

ಮುಂದಿನ ಸರದಿ ಅತ್ತೆಯದು. ನಾನು ಕಂಡ ಹಾಗೆ ಅವರು ಸರದಿ ದಾಟಿಸಿದ್ದು ಅದೊಂದೇ ಸಲ.

ಎಲ್ಲರೂ ಹೋದ ಮೇಲೆ ಲೋಟಗಳನ್ನು ಜೋಡಿಸುತ್ತಿದ್ದೆ. ಅತ್ತೆ ಕಂಬಕ್ಕೆ ಒರಗಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ಅವು ನನ್ ಮಾತು, ಅಲ್ವೇನಮ್ಮ? ಒಗೆದು ಇಸ್ತ್ರಿ ಮಾಡಿದ್ರೂ ನನ್ ಸೀರೆ ನಂಗೆ ಗೊತ್ತಾಗಲ್ವ?"

ಅಳು ಬಂತು. "ನಾನು ಭಾನುವಾರ ಬರುವುದಿಲ್ಲ ಅತ್ತೆ. ಯಾವ ಭಾನುವಾರವೂ ಬರುವುದಿಲ್ಲ. ನನ್ನೊಳಗೆ ಏನೂ ಇಲ್ಲ," ಎಂದೆ.

"ಅಳ್ಬೇಡ ಸುಮ್ಕಿರು. ಎಮ್ಮೆ ಈದು ತಿಂಗ್ಳಾಗಕ್ಕೆ ಬಂತು, ನಾಳೆ ಅದ್ಕೇನಾದ್ರೂ ಇನ್ನೊಂದು ಕರ ಹುಟ್ಟಿದ್ರೆ ನಿನ್ ತಾವನೇ ಕಟ್ತೀನಿ," ಎಂದರು. ನಾನು ಅಳುತ್ತಲೇ ನಕ್ಕೆ. ಅವರು ನಗಲಿಲ್ಲ. "ಒಳಗೆ ಏನೂ ಇಲ್ಲ ಅಂತ ನಿಂಗೆಂಗ್ ಗೊತ್ತು? ನೀನು ಯಾವತ್ತು ಒಳಕ್ಕೆ ಇಣುಕಿದ್ದೀಯ? ಕಿಟಕಿ ಹೊರಗ್ ನಿಂತು ನಂದು ಬರ್ಕೊಂಡೆ."

ಕಿಟಕಿಯ ಹೊರಗೆ ನಿಂತದ್ದೂ ಅವರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹಿತ್ತಿಲ ಗೋಡೆಯಾಚೆಯಿಂದ ಪಕ್ಕದ ಮನೆಯ ಚಾಚಿ ಕರೆದರು. ಅವರ ಯಜಮಾನರದು ಪೇಟೆಯಲ್ಲಿ ಬಳೆ ಅಂಗಡಿ. ಗೋಡೆ ನಮ್ಮಿಬ್ಬರ ಎದೆಮಟ್ಟದ್ದು. ಅದರ ಮೇಲೆ ಮಜ್ಜಿಗೆ, ನುಗ್ಗೆಸೊಪ್ಪು, ಮಾತು ಎಲ್ಲವೂ ದಾಟುತ್ತಿದ್ದವು.

"ಕ್ಯಾ ಬೇಟಿ, ಕಣ್ಣು ಯಾಕೆ ಊದೈತೆ? ಅತ್ತೆ ಬೈದ್ಲಾ?"

ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದರು.

"ನಮಾಜಿಂದು ನಂದೂ ಬಾಯಿಪಾಠಾನೇ. ಎಲ್ಲಾ ಅರಬ್ಬಿ. ಚಿಕ್ಕೋಳಿದ್ದಾಗ ಕಲ್ತಿದ್ದು, ಅರ್ಥ ಪೂರಾ ಗೊತ್ತಿಲ್ಲ. ಅಂಗಂತ ಬಿಡಕ್ಕಾಗ್ತದಾ? ಅದು ಮುಗುದ್ಮೇಲೆ ಕೈ ಹಿಂಗೆ ಹಿಡೀತೀನಿ," ಎಂದು ಮೊರವನ್ನು ಗೋಡೆಯ ಮೇಲಿಟ್ಟು ಎರಡು ಅಂಗೈಗಳನ್ನೂ ಚಾಚಿ ತೋರಿಸಿದರು. ಬೆರಳಿಗೆ ಅಕ್ಕಿಯ ಬಿಳಿ ಧೂಳು ಅಂಟಿತ್ತು. "ಅದು ದುವಾ. ಅವಾಗ ನಮ್ಮ ಮಾತೇ. ಮಗಳು ಮಾತು ಕೇಳಲ್ಲ, ಮಾವನಿಗೆ ಕೆಮ್ಮು, ಏನಿರ್ತದೋ ಅದು. ಎರಡೂ ಇಟ್ಕೋ ಬೇಟಿ. ಆದ್ರೆ ಕೈ ಖಾಲಿ ಇರ್ಬೇಕು. ನೀನು ತಾರ್ ಫಾರಂ ಹಿಡ್ಕೊಂಡು ನಿಂತ್ರೆ ಅವನು ಎಲ್ಲಿ ಹಾಕ್ತಾನೆ?"

ಒಳಗಿನಿಂದ ಅತ್ತೆ ಕೂಗಿದರು. "ನೋಡಮ್ಮ, ನಾಳೆ ಬೆಳಿಗ್ಗೆ ಬಸ್ಸಿಗೆ ಬುಕ್ಕಾಪಟ್ಟಣದ ಕಡೆ ಹೋಗಣ. ದೇವ್ರ ತಾವ ಆಮೇಲೆ ಹೋಗೀವಂತೆ. ಮೊದ್ಲು ಮೇಸ್ತ್ರಿ ತಾವ ಹೋಗಿ ತಪ್ಪಾಯ್ತು ಅನ್ನು."

ಶುಕ್ರವಾರ ಹೋದೆವು. ದಾರಿಯುದ್ದಕ್ಕೂ ಜಾಲಿ, ತಂಗಡಿ, ಬಿಸಿಲು. ಬಸ್ಸು ನಮ್ಮಿಬ್ಬರನ್ನು ಇಳಿಸಿ ಹೋದ ಮೇಲೆ ಧೂಳು ಕೂರುವತನಕ ಮನೆ ಕಾಣಲಿಲ್ಲ. ಮುಂದೆ ಖಾಲಿ ಟಾರಿನ ಡ್ರಮ್ಮು, ಗೋಡೆಗೆ ಒರಗಿಸಿದ ಪಿಕಾಸಿ, ಸಲಿಕೆ. ಮೇಸ್ತ್ರಿ ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಒಳಗೆ ಮುದ್ದೆ ಮಾಡುತ್ತಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಹೊರಬಂದರು.

"ಬನ್ನಿ ಬನ್ನಿ. ಯಾಕ್ ತಾಯಿ ಈ ಬಿಸ್ಲಾಗೆ!" ಎಂದು ಒಳಗೆ ಕರೆದು ಒಲೆಯ ಎದುರಿಗೇ ಚಾಪೆ ಕೊಡವಿ ಹಾಸಿದರು. ಮಜ್ಜಿಗೆ ಕೊಟ್ಟರು.

ಗೂಡಿನಲ್ಲಿ ಹಿಡಿಹಿಟ್ಟಿನ ಕುಡಿಕೆ ಇತ್ತು. ನಮ್ಮ ಸಭೆಯ ಎಲ್ಲ ಮನೆಗಳಲ್ಲೂ ಅಂಥದೊಂದು ಇರುತ್ತಿತ್ತು. ಪ್ರತಿ ಸಲ ಒಲೆ ಹಚ್ಚಿದಾಗ ಅಡಿಗೆಗೆ ಮೊದಲು ಒಂದು ಹಿಡಿ ಹಿಟ್ಟನ್ನೋ ಅಕ್ಕಿಯನ್ನೋ ಅದಕ್ಕೆ ಹಾಕಿಟ್ಟು ತಿಂಗಳ ಭಾನುವಾರ ಪ್ರಾರ್ಥನಾಲಯದ ಚೀಲಕ್ಕೆ ಸುರಿಯುವುದು. ಇಲ್ಲದವರಿಗೆ ಅದು ಹೋಗುತ್ತಿತ್ತು. ಈ ಕುಡಿಕೆಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿತ್ತು. ಗಂಟು ಮಾತ್ರ ಗಂಡಸಿನದು, ಮೂಟೆ ಬಿಗಿಯುವ ಗಂಟು. ಅಂದರೆ ಅವರು ಈಗಲೂ ಹಿಡಿ ತೆಗೆದಿಡುತ್ತಿದ್ದರು.

ಅತ್ತೆ ನನ್ನ ಮುಖ ನೋಡಿದರು. ನಾನು ಹೇಳಿದೆ.

"ಅಣ್ಣಾ, ಬುಧವಾರ ನನ್ನಿಂದ ತಪ್ಪಾಯಿತು. ಅದು ಬಾಯಿಪಾಠ ಮಾಡಿದ್ದು. ಅಕ್ಕ ಹೋದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಾಯಲ್ಲಿ ಹಾಗೇ ಬಂತು."

ಅವರು ಅಂಗೈಯ ಟಾರಿನ ಕಲೆಯನ್ನು ಉಗುರಿನಿಂದ ಕೆರೆದರು. ಆಮೇಲೆ ತಲೆಯೆತ್ತಿದರು.

"ನಾನೊಂದ್ ಮಾತು ಹೇಳ್ತೀನಿ ತಾಯಿ, ಯಾರ್ಗೂ ಹೇಳಿಲ್ಲ. ನಾಕ್ ವರ್ಷದಿಂದ ದಿನಾ ಏಳ್ತಿದ್ದಂಗೇ, ಹಾಸ್ಗೆ ಮೇಲೇ, ಸ್ವಾಮೀ ಇವಳಿಗೆ ವಾಸಿ ಮಾಡು ಅಂತಿದ್ದೆ. ಈಗ್ಲೂ ಅಂತೀನಿ. ಕಣ್ ಬಿಡೋಕ್ ಮುಂಚೆ ಅಂದ್ಬುಟ್ಟಿರ್ತೀನಿ. ಆಮೇಲೆ ಗ್ಯಾನ ಬರ್ತೈತೆ, ಪಕ್ಕ ನೋಡ್ತೀನಿ. ನನ್ ಬಾಯಿಗೆ ಇನ್ನೂ ಗೊತ್ತಿಲ್ಲ ಕಣ್ ತಾಯಿ, ಅವ್ಳು ಹೋಗಿರೋದು." ಅವರು ಮೂಗು ಒರೆಸಿಕೊಂಡರು. "ಬುದ್ಧಿ ಕೆಡ್ತೈತೇನೋ ನಂಗೆ ಅನ್ಕಂಡಿದ್ದೆ. ಮೊನ್ನೆ ನೀವು ಅಂಗೇ ಅಂದ್ರಲ್ಲ, ಓ ನಾನೊಬ್ನೇ ಅಲ್ಲ ಅಂತ ಜೀವಕ್ಕೆ ಹಾಯ್ ಅನ್ನುಸ್ತು. ಅದ್ಕೇ ಆಮೆನ್ ಅಂದೆ."

ನಮ್ಮಲ್ಲಿ ಒಂದು ವಾಡಿಕೆ, ಸಭೆಯ ಮನೆಗೆ ಹೋದವರು ಪ್ರಾರ್ಥನೆ ಮಾಡದೆ ಎದ್ದು ಬರುವುದಿಲ್ಲ. ಹಿರಿಯರಿದ್ದರೆ ಹಿರಿಯರೇ ಮಾಡುತ್ತಾರೆ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು. ಕಾದೆ. ಅವರು ಬಾಯಿ ತೆರೆಯಲಿಲ್ಲ. ತೆರೆಯುವುದಿಲ್ಲ ಎಂದು ತಿಳಿಯಿತು.

ಚಾಚಿ ತೋರಿಸಿದ ಹಾಗೆ ಅಂಗೈ ಚಾಚಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸೆರಗಿನ ತುದಿಯನ್ನು ಹಿಂಡುತ್ತಿದ್ದೆ. ಆದರೆ ಕೈಯಲ್ಲಿ ಫಾರಂ ಇರಲಿಲ್ಲ. ಕಣ್ಣು ಮುಚ್ಚಿದಾಗ ಒಳಗೆ ಕಂಡದ್ದು ಈ ಮನೆಯೇ. ಒಲೆ, ಕುಡಿಕೆಯ ಗಂಟು, ಮುದ್ದೆಯ ಪಾತ್ರೆ.

"ಕರ್ತನೇ," ಎಂದೆ. "ಅಕ್ಕ ಈ ಮನೆಯಲ್ಲಿಲ್ಲ. ಅಣ್ಣನಿಗೆ ಮುದ್ದೆ ತೊಳಸುವುದಕ್ಕೆ ಬರುವುದಿಲ್ಲ, ಗಂಟು ಗಂಟಾಗಿದೆ. ಬೆಳಿಗ್ಗೆ ಇವರು ಎದ್ದು ಅಕ್ಕನನ್ನು ನೆನೆದಾಗ ನೀನು ಹತ್ತಿರವೇ ಇರು."

ಅಷ್ಟೇ ಇದ್ದದ್ದು. ಮೇಸ್ತ್ರಿ ಈ ಸಲ "ಆಮೆನ್" ಅನ್ನಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು. ಅತ್ತೆಯೇ "ಆಮೆನ್" ಅಂದರು. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ಆ ಮುದ್ದೆಗೆ ಬಿಸಿನೀರು ಬಿಟ್ಟು, ಕೋಲಿನಿಂದ ಮತ್ತೆ ತೊಳಸಿ ಕಟ್ಟಿ ಕೊಟ್ಟರು. ನೀರು ಕುದಿಯುವಾಗ ಹಿಟ್ಟು ಹೇಗೆ ಬಿಡಬೇಕೆಂದು ಹೇಳಿಕೊಟ್ಟರು. "ಕಲ್ಸ್‌ಬ್ಯಾಡ, ಬುಡು ಅದ್ರ ಪಾಡಿಗೆ ಬೇಯ್ಲಿ. ರೋಡ್ ಮಾಡಾಕ್ ಬರ್ತೈತೆ, ಮುದ್ದೆ ಮಾಡಾಕ್ ಬರಲ್ವ ನಿಂಗೆ?" ಎಂದು ಗದರಿದರು. ಮೇಸ್ತ್ರಿ ಕಣ್ಣೊರೆಸಿಕೊಂಡು ನಕ್ಕರು.

ವಾಪಸು ಬಸ್ಸಿನಲ್ಲಿ ಅತ್ತೆ ಕೇಳಿದರು. "ಮುದ್ದೆ ಗಂಟಾಗಿದ್ದು ನಿಂಗೆಂಗ್ ಕಾಣುಸ್ತು? ನಂಗೆ ಕಾಣ್ಲೇ ಇಲ್ಲ."

"ಪಾತ್ರೆಯ ಅಂಚಿನಲ್ಲಿ ಕಾಣ್ತಿತ್ತು ಅತ್ತೆ. ಬುಧವಾರ ಅವರ ಅಂಗಿಯ ಗುಂಡಿಗೂ ಬೇರೆ ಬಣ್ಣದ ದಾರ ಇತ್ತು."

"ನಿಂಗೆ ಅಂಚು, ದಾರ, ಗುಂಡಿ ಎಲ್ಲಾ ಕಾಣ್ತೈತೆ ಕಣಮ್ಮ. ಅದನ್ನೇ ಹೇಳು ಅವ್ನಿಗೆ. ನಂಗೆ ಕಂಡಿದ್ದನ್ನ ನೀನ್ಯಾಕ್ ಹೇಳ್ತೀಯ?"

ಭಾನುವಾರ ಆರಾಧನೆಗೆ ಮುಂಚೆ ಉಪದೇಶಿಗಳು ಅಯ್ಯನವರ ಪಕ್ಕ ನಿಂತು ಅನುಮಾನಿಸುತ್ತಿದ್ದರು. ಬುಧವಾರದ ಪ್ರಾರ್ಥನೆಯನ್ನು ಸ್ವಂತದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದೋ ಬಿಡುವುದೋ ಅವರಿಗೆ ತಿಳಿಯಲಿಲ್ಲ. ಅದು ಅತ್ತೆಯದೆಂದು ನಾನೇ ಹೇಳಿದೆ. ಅತ್ತೆ ಮುಂದೆ ಬಂದರು.

"ಶುಕ್ರವಾರ ಮಾಡಿದ್ಲು ಅಯ್ಯನೋರೆ. ಮೇಸ್ತ್ರಿ ಮನೇಲಿ. ನಾಕೇ ಮಾತು. ಅದ್ರಾಗೆ ಒಂದು ಮುದ್ದೆ ಬಗ್ಗೆ."

ಅಯ್ಯನವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮುದ್ದೆ ಬಗ್ಗೆಯೋ? ಹಾಗಾದ್ರೆ ಸ್ವಂತದ್ದೇ. ಅದನ್ನ ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ," ಎಂದರು.

ಆ ದಿನ ಮೊದಲ ಸಲ ಎದ್ದು ಮುಂದೆ ಹೋದೆ. ನರ್ಸಮ್ಮ ಒಣದ್ರಾಕ್ಷಿ ನೆನೆಸಿ ಕಿವುಚಿ ಮಾಡಿದ ರಸ, ಪೇಟೆಯ ಬೇಕರಿಯ ಬ್ರೆಡ್ಡು. ಬ್ರೆಡ್ಡಿನ ಚೂರಿಗೆ ಸ್ವಲ್ಪ ಸೋಂಪಿನ ವಾಸನೆ ಹತ್ತಿತ್ತು, ಬೇಕರಿಯವನು ಅದೇ ತಟ್ಟೆಯಲ್ಲಿ ಬಿಸ್ಕತ್ತು ಇಟ್ಟಿದ್ದನೇನೋ. ನನ್ನ ಬಲಗಡೆ ಮೇಸ್ತ್ರಿಯ ಕೈ ಚಾಚಿತ್ತು, ಟಾರಿನ ಕಲೆಯೊಂದಿಗೆ.

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು ಎಂದು ಬರೆಯಲಾರೆ. ಎರಡು ವರ್ಷಕ್ಕೆ ನಮ್ಮ ಮೊದಲ ಮಗು ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು. ಆಗ ಸ್ವಂತ ಮಾತುಗಳೆಲ್ಲ ಬತ್ತಿಹೋದವು. ನೋಡಿದ್ದನ್ನು ಹೇಳು ಎಂದಿದ್ದರು ಅತ್ತೆ, ಆದರೆ ನೋಡಿದ್ದನ್ನು ಹೇಳಲಾಗುತ್ತಿರಲಿಲ್ಲ. ಆ ವರ್ಷ ನನ್ನನ್ನು ಎತ್ತಿಕೊಂಡು ನಡೆದದ್ದು ಕಾನ್ವೆಂಟಿನ ಬಾಯಿಪಾಠಗಳೇ. ಯಾವ ಕಾಲದಲ್ಲಿ ಯಾರು ಬರೆದರೋ, ಆ ಇಂಗ್ಲಿಷಿನ ಸಾಲುಗಳನ್ನು ಸಂಜೆ ದೀಪ ಹಚ್ಚಿ ಒಪ್ಪಿಸುತ್ತಿದ್ದೆ. ಅರ್ಥಕ್ಕೆ ಕಾಯದೆ, ಮಂಡಿನೋವಿನವರು ಗೋಡೆ ಹಿಡಿದು ನಡೆಯುವ ಹಾಗೆ. ಸಿಸ್ಟರುಗಳನ್ನು ಆಗ ಬಹಳ ನೆನೆದೆ. ನನ್ನೊಳಗೆ ಅವರು ಗೋಡೆ ಕಟ್ಟಿಕೊಟ್ಟಿದ್ದರು, ಅತ್ತೆ ಕಿಟಕಿ ತೆಗೆದರು. ಮನೆಗೆ ಎರಡೂ ಬೇಕಲ್ಲ. ಚಾಚಿ ಹೇಳಿದ್ದೂ ಅದನ್ನೇ ಅಲ್ಲವೇ?

ಆಮೇಲೆ ಮಗಳು ಹುಟ್ಟಿದಳು, ಮಾತೂ ಮೆಲ್ಲಗೆ ಮರಳಿತು. ಅಂದಿನಿಂದಲೂ ನನ್ನದು ದೊಡ್ಡ ಪ್ರಾರ್ಥನೆಯಲ್ಲ. ಪಕ್ಕದ ಬೀದಿಯ ಮುದುಕಿಯ ಕಿವಿಯ ಓಲೆ ಕಾಣಿಸಲಿಲ್ಲ, ಮಾರಿದರೇನೋ ನೋಡು. ನನ್ನ ಮಗಳು ಅನ್ನ ಬಿಟ್ಟು ಎದ್ದಳು, ಶಾಲೆಯಲ್ಲಿ ಏನಾಯಿತೋ ನೋಡು. ಇಂಥವೇ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ತೀರಿಕೊಂಡರು. ಅಷ್ಟರಲ್ಲಿ ಊರಿಗೆ ಹಿಟ್ಟಿನ ಮಿಲ್ಲು ಬಂದಿತ್ತು. ಆದರೂ ಕೊನೆಯ ಮಳೆಗಾಲದವರೆಗೆ ಅವರು ಹಿಡಿ ರಾಗಿಯನ್ನಾದರೂ ಬೀಸುತ್ತಿದ್ದರು. ಮಿಲ್ಲಿನಲ್ಲಿ ಸದ್ದು ಜಾಸ್ತಿ, ಅಲ್ಲಿ ದೇವರಿಗೆ ಕೇಳಿಸುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಮಣ್ಣು ಮಾಡುವ ದಿನ ಮೇಸ್ತ್ರಿ ಬೆಳಿಗ್ಗೆಯೇ ಬಂದು ಹಾರೆ ಹಿಡಿದರು, ಬೇರೆ ಯಾರಿಗೂ ಕೊಡಲಿಲ್ಲ.

ಅದಾಗಿ ಒಂದು ತಿಂಗಳಿಗೋ ಏನೋ, ಬೆಳಿಗ್ಗೆ ಎದ್ದು ಅಡಿಗೆಮನೆಗೆ ಹೋದೆ. ಒಲೆಗೆ ಪುಳ್ಳೆ ಹಾಕಿ, ಕುಡಿಕೆಗೆ ಹಿಡಿ ಹಿಟ್ಟು ತೆಗೆದಿಡುತ್ತಾ ಹೇಳುತ್ತಿದ್ದೆ, "ಕರ್ತನೇ, ಅತ್ತೆಯ ಮಂಡಿನೋವು ಇವತ್ತು ಸ್ವಲ್ಪ ಕಡಿಮೆ ಮಾಡು."

ಕೈ ನಿಂತಿತು. ಬೀಸುವ ಕಲ್ಲಿನ ಮೇಲೆ ಗೋಣಿತಟ್ಟು ಹೊದಿಸಿತ್ತು. ಕಿಟಕಿಯಾಚೆ ಚಾಚಿಯ ಮನೆಯ ಕೋಳಿ ಗೋಡೆ ಹತ್ತಿ ಕೂತಿತ್ತು. ಮಾತನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಲಿಲ್ಲ. ಹಿಡಿಯಲ್ಲಿದ್ದ ಹಿಟ್ಟನ್ನು ಕುಡಿಕೆಗೆ ಹಾಕಿ, "ಆಮೆನ್" ಎಂದು ಬಟ್ಟೆ ಕಟ್ಟಿದೆ.